ಎಕ್ಸಾಮಿನರ್ ಬರುವ ದಿನ

"ಎಕ್ಸಾಮಿನರ್ ಮಾಮೂಲಿ ಗಿರಾಕಿ ಹಾಗೆ ಬಂದು ಕೂರ್ತಾರೆ. ಬೇಕಂತಲೇ ಕಾಡಬಹುದು. ಏನೇ ಆದರೂ ನಗು ಮಾತ್ರ ಬಿಡಬೇಡಿ," ಎಂದು ಕಾಲೇಜಿನಲ್ಲಿ ಹೇಳಿ ಕಳಿಸಿದ್ದರು. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದ ಅಂಬಿಕಾಗೆ ಈ ದೊಡ್ಡ ಹೋಟೆಲಿನ ತರಬೇತಿಯಲ್ಲಿ ಅದೇ ಕೊನೆಯ ಪರೀಕ್ಷೆ.

ಕಿಟಕಿ ಪಕ್ಕದ ಟೇಬಲ್ಲಿನವನು ಬಾಯಿ ತೆರೆದ ಕೂಡಲೇ ಇವರೇ ಎಕ್ಸಾಮಿನರ್ ಅಂತ ಅವಳಿಗೆ ಖಾತ್ರಿಯಾಯಿತು. ಸೂಪು ತಣ್ಣಗಿದೆ ಎಂದು ವಾಪಸ್ ಕಳಿಸಿದ. ನಗುತ್ತಲೇ ಬಿಸಿ ಸೂಪು ತಂದಿಟ್ಟಳು.

"ಚಮಚ ಅಂತ ಒಂದಿರುತ್ತೆ, ನಿಮ್ಮೂರಲ್ಲಿ ನೋಡಿದ್ದೀಯೇನೆ?" ಅಂದ. ಅದಕ್ಕೂ ನಕ್ಕಳು.

ನೀರು ಬಗ್ಗಿಸುವಾಗ ಅವಳ ಕೈ ಹಿಡಿದುಕೊಂಡ. ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು.

"ಬಿಡಿ ಸರ್, ಬೇರೆ ಟೇಬಲ್ ನೋಡ್ಬೇಕು."

"ಅವರು ಕಾಯ್ತಾರೆ ಬಿಡು. ನಿನ್ನ ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತೆ? ನನ್ನ ರೂಮು ಮೇಲೇ ಇದೆ."

ಹೇಗೋ ಕೈ ಬಿಡಿಸಿಕೊಂಡು ಈಚೆ ಬಂದರೆ, ಹಿರಿಯ ವೇಟರ್ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ.

"ನಾನು ಹೋಗಿ ವಿಚಾರಿಸ್ಲೇನಮ್ಮಾ?"

"ಬೇಡ ಅಣ್ಣಾ. ಅವರೇ ಎಕ್ಸಾಮಿನರ್," ಎಂದು ಪಿಸುಗುಟ್ಟಿ ಅವಳು ಮತ್ತೆ ಅದೇ ಟೇಬಲ್ಲಿಗೆ ಹೋದಳು. ಈ ಸಲ ಅವನ ಕೈ ಅವಳ ಸೊಂಟಕ್ಕೆ ಬಂತು. ವೇಟರ್ ಮುಖ ತಿರುಗಿಸಿಕೊಂಡ.

ಅವನು ಎದ್ದು ಬಾಗಿಲು ದಾಟುವವರೆಗೂ ಅಂಬಿಕಾ ನಗುತ್ತಲೇ ಇದ್ದಳು. ಆಮೇಲೆ ಎಂಜಲು ತಟ್ಟೆ ಎತ್ತುವ ಮೊದಲು, ಅವನು ಹಿಡಿದಿದ್ದ ಕೈಯನ್ನು ನ್ಯಾಪ್ಕಿನ್ನಿನಿಂದ ಗಸಗಸ ಉಜ್ಜಿಕೊಂಡಳು.

ಪಕ್ಕದ ಟೇಬಲ್ಲಿನಲ್ಲಿ ಒಬ್ಬರೇ ಕೂತು ಟೀ ಕುಡಿಯುತ್ತಿದ್ದ ಹೆಂಗಸು ಎದ್ದು ಬಂದು ಅವಳ ಬೆನ್ನು ತಟ್ಟಿದರು.

"ನಾನೇ ಕಣಮ್ಮ ನಿಮ್ಮ ಎಕ್ಸಾಮಿನರ್. ಮೊದಲಿಂದ ಕೊನೇ ತನಕ ನೋಡ್ತಾನೇ ಇದ್ದೆ. ಒಂದು ಸಲಾನಾದ್ರೂ ನಗು ಬಾಡಿತಾ ಹೇಳು! ಪೂರ್ತಿ ಮಾರ್ಕ್ಸ್ ಹಾಕಿದೀನಿ."