ಬಿಟ್ಟುಕೊಟ್ಟ ಆಟ

"ಇನ್ನೊಂದ್ ಸಲ ಹಿಂಗ್ ಆಡು, ಕೈಯೇ ಇರಕಿಲ್ಲ ನಿಂಗೆ!"

ಹೊಡೆತದ ಸದ್ದು ಮೊದಲು ಕೇಳಿಸಿತು, ಮಾತು ಆಮೇಲೆ. ರಾಮನಗರದ ಚೆಸ್ ಪಂದ್ಯ ಮುಗಿಸಿ ಬಸ್ಸಿಗೆ ಹೊರಟಿದ್ದ ಜ್ಯೋತಿಲಕ್ಷ್ಮಿ ಶಾಲೆಯ ಹಿಂಗೋಡೆಯ ಹತ್ತಿರ ನಿಂತುಬಿಟ್ಟಳು. ದಿವ್ಯ ನೆಲದ ಮೇಲೆ ಕುಕ್ಕರಿಸಿ ತಲೆ ಮುಚ್ಚಿಕೊಂಡಿದ್ದಳು. ಅವಳ ಸೋದರಮಾವ ನಟರಾಜು ಬೆಲ್ಟನ್ನು ಕೈಗೆ ಸುತ್ತಿಕೊಂಡು ಬಾರಿಸುತ್ತಿದ್ದ. ಬಕಲ್ ತಗುಲಿದ ಕಡೆಯೆಲ್ಲ ರಕ್ತ ಜಿನುಗುತ್ತಿತ್ತು. ದಿವ್ಯ ಒಂದು ಸಲವೂ ಕೂಗಲಿಲ್ಲ. ಅಭ್ಯಾಸವಾದವರ ಹಾಗೆ ಸುಮ್ಮನಿದ್ದಳು.

ಅರ್ಧ ಗಂಟೆಯ ಹಿಂದೆ ದಿವ್ಯಳನ್ನು ಸೋಲಿಸಿದವಳು ಜ್ಯೋತಿಯೇ. ಅದಕ್ಕೂ ಮೊದಲು ದಿವ್ಯ ಸಾಲಾಗಿ ನಾಲ್ಕು ಆಟ ಗೆದ್ದಿದ್ದಳು. ಜ್ಯೋತಿ ಮೊದಲನೆಯವಳಾದರೆ ಅವಳು ಎರಡನೆಯವಳು, ಇಬ್ಬರೂ ಫೈನಲ್ಲಿಗೆ ಬಂದಿದ್ದರು. ಇಷ್ಟಾಗಿಯೂ ಒಂದೇ ಒಂದು ಸೋಲಿಗೆ ದನಕ್ಕೆ ಬಡಿದ ಹಾಗೆ ಬಡಿಯುವುದೇ? ಮನುಷ್ಯನೋ ಕಟುಕನೋ!

ಇದು ಎರಡು ಸಾವಿರದ ಆರನೆಯ ಇಸವಿಯ ಮಾತು. ಮಾಗಡಿಯ ಬಸ್ ನಿಲ್ದಾಣದ ಹಿಂದಿನ ಹೆಂಚಿನ ಕಟ್ಟಡದಲ್ಲಿ ಶಿವಕುಮಾರ್ ಮೇಷ್ಟ್ರು ಚೆಸ್ ಕ್ಲಬ್ ನಡೆಸುತ್ತಿದ್ದರು. ಹೆಣ್ಣುಮಕ್ಕಳು ಓದಬೇಕು ಎನ್ನುವುದು ಅವರ ಹಟ. ಆ ವರ್ಷ ಹಾರೋಹಳ್ಳಿಯ ಕಾರ್ಖಾನೆಯ ಮಾಲೀಕರೊಬ್ಬರನ್ನು ಹೇಗೋ ಒಪ್ಪಿಸಿದ್ದರು. ಫೈನಲ್ ಗೆದ್ದವಳಿಗೆ ಬೆಂಗಳೂರಿನಲ್ಲಿ ಮೂರು ವರ್ಷದ ಡಿಗ್ರಿ, ಹಾಸ್ಟೆಲ್, ಪುಸ್ತಕ ಎಲ್ಲವೂ ಉಚಿತ. ಸೋತವಳಿಗೆ ಸ್ಟೀಲಿನ ಟಿಫನ್ ಕ್ಯಾರಿಯರ್.

ಜ್ಯೋತಿಯ ಪಿಯುಸಿ ಮುಗಿದಿತ್ತು. ಅಪ್ಪ ಮುನಿಶಾಮಯ್ಯ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ: "ಗೆದ್ರೆ ಓದ್ಕೊ ಕಣವ್ವ. ಇಲ್ದಿದ್ರೆ ಆಟ ಮುಗಿದ್ ಸೋಮಾರದಿಂದ ನಿಮ್ಮಕ್ಕನ್ ಜೊತೆ ಹಾರೋಹಳ್ಳಿಗೆ ಪ್ಯಾಕಿಂಗ್ ಕೆಲ್ಸಕ್ಕೆ ಹೋಗು." ಅಕ್ಕನ ಬೆರಳುಗಳ ಚರ್ಮ ಕೆಮಿಕಲ್ಲಿಗೆ ಸುಲಿದುಹೋಗಿದ್ದನ್ನು ಜ್ಯೋತಿ ನೋಡಿದ್ದಳು. ಫೈನಲ್‌ವರೆಗಿನ ಎರಡು ತಿಂಗಳು ಹಗಲೆಲ್ಲ ಮಣೆಯ ಮುಂದೆ ಕುಳಿತು ಅಭ್ಯಾಸ ಮಾಡಿದಳು.

ಫೈನಲ್ ದಿನ ಬೆಳಿಗ್ಗೆ ಕ್ಲಬ್ಬಿನ ನಲ್ಲಿಯ ಹತ್ತಿರ ದಿವ್ಯ ಸಿಕ್ಕಳು. ತುಟಿ ಒಡೆದಿತ್ತು. ಮಣಿಕಟ್ಟು ಊದಿಕೊಂಡು ಬಳೆ ಚರ್ಮದೊಳಗೆ ಹೂತಿತ್ತು.

"ಇವತ್ತು ಚೆನ್ನಾಗ್ ಆಡು ಜ್ಯೋತಿ," ಎಂದಳು ಪಿಸುಮಾತಿನಲ್ಲಿ. "ನನ್ ಮ್ಯಾಲೆ ಒಸಿನೂ ಕನಿಕರ ತೋರಿಸ್ಬ್ಯಾಡ."

ಆಚೆ ನಿಂತಿದ್ದ ನಟರಾಜು ಕೆಮ್ಮಿದ. ದಿವ್ಯ ತಟ್ಟನೆ ಒಳಗೆ ಹೋದಳು. ಇಷ್ಟು ಪೆಟ್ಟು ತಿಂದರೂ ಹುಡುಗಿಗೆ ಎಷ್ಟು ಸ್ವಾಭಿಮಾನ ಎಂದುಕೊಂಡು ಜ್ಯೋತಿ ಕಣ್ಣೊರೆಸಿಕೊಂಡಳು.

ಶಿವಕುಮಾರ್ ಮೇಷ್ಟ್ರು ನಿಯಮ ಓದಿದರು. ನಡುವೆ ಸೋಲೊಪ್ಪಿಕೊಂಡು ಏಳುವಂತಿಲ್ಲ, ಚೆಕ್‌ಮೇಟ್ ಆಗುವವರೆಗೂ ಆಡಬೇಕು. ಚೆಸ್ ಗಡಿಯಾರ ಇನ್ನೂ ಮಾಗಡಿ ಕಂಡಿರಲಿಲ್ಲ. ಯಾರಾದರೂ ತಡಮಾಡಿದರೆ ಮೇಷ್ಟ್ರೇ ಎಚ್ಚರಿಸುತ್ತಿದ್ದರು.

ಎಂಟನೆಯ ನಡೆಗೇ ದಿವ್ಯ ತನ್ನ ಕುದುರೆಯನ್ನು ಜ್ಯೋತಿಯ ಬಾಯಿಗೆ ಇಟ್ಟಳು. ಇಷ್ಟು ಚೆನ್ನಾಗಿ ಆಡುವವಳು ಹೆದರಿಕೆಗೆ ಬುದ್ಧಿ ಕಳೆದುಕೊಂಡಿದ್ದಾಳೆ ಎನಿಸಿತು ಜ್ಯೋತಿಗೆ. ಕುದುರೆಯನ್ನು ಹೊಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಆನೆ ಬಂದು ನಿಂತಿತು. ಅದನ್ನೂ ಮುಟ್ಟಲಿಲ್ಲ. ಆಮೇಲೆ ಮಂತ್ರಿಯೇ ಬಂತು. ನೋಡುತ್ತಿದ್ದವರು ಲೊಚಗುಟ್ಟಿದರು. ದಿವ್ಯಳ ನೀರು ತುಂಬಿದ ಕಣ್ಣುಗಳು ಜ್ಯೋತಿಯನ್ನೇ ಬೇಡುತ್ತಿದ್ದವು. ಕಿಟಕಿಯಾಚೆ ನಟರಾಜು ಒಂದು ದೊಣ್ಣೆ ಹಿಡಿದು ನಿಂತಿದ್ದ.

ಆಗಲೇ ಜ್ಯೋತಿ ನಿರ್ಧರಿಸಿದಳು. ತನ್ನ ಓದು ಹೋದರೆ ಹೋಗಲಿ, ಈ ಹುಡುಗಿಯ ಜೀವ ಉಳಿಯಲಿ. ಪ್ಯಾಕಿಂಗ್ ಕೆಲಸದಿಂದ ಯಾರೂ ಸಾಯುವುದಿಲ್ಲ.

ಆದರೆ ಸೋಲುವುದು ಗೆಲ್ಲುವುದಕ್ಕಿಂತ ಕಷ್ಟವಾಯಿತು. ದಿವ್ಯ ಒಂದು ತಪ್ಪು ಮಾಡಿದರೆ ಜ್ಯೋತಿ ಎರಡು ಮಾಡಬೇಕು. ಗಂಟೆಗಟ್ಟಲೆ ಜಗ್ಗಾಡಿ, ಕೊನೆಗೆ ಜ್ಯೋತಿ ತನ್ನ ಆನೆಯನ್ನು ಮುಂದೆ ತಳ್ಳಿ "ಚೆಕ್" ಎಂದಳು. ದಿವ್ಯಳ ರಾಜ ಉಳಿಯಬೇಕಾದರೆ ಮಂತ್ರಿಯಿಂದ ಆ ಆನೆಯನ್ನು ಹೊಡೆಯಲೇಬೇಕು. ಹೊಡೆದರೆ ಜ್ಯೋತಿಯ ರಾಜನಿಗೆ ಜಾಗವಿಲ್ಲ.

ದಿವ್ಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದಳು.

"ಯಾಕಮ್ಮಾ ಯೋಚ್ನೆ? ಇರೋದೇ ಒಂದು ನಡೆ," ಎಂದರು ಮೇಷ್ಟ್ರು.

"ನಾನ್ ಆಡಲ್ಲ ಸಾರ್."

ಎಲ್ಲರೂ ನಕ್ಕರು. ಮೇಷ್ಟ್ರು ಅವಳ ಬೆನ್ನು ತಟ್ಟಿದರು. "ಗೆಲ್ಲೋಕೂ ಭಯಾನಾ? ನಡೆಸಮ್ಮ."

ದಿವ್ಯ ಎರಡು ಬೆರಳಿನಲ್ಲಿ ಮಂತ್ರಿಯನ್ನು ಎತ್ತಿಟ್ಟಳು. ಮೇಷ್ಟ್ರು "ಚೆಕ್‌ಮೇಟ್!" ಎಂದು ಕೂಗಿದರು. ಚಪ್ಪಾಳೆ ಬಿತ್ತು. ದಿವ್ಯ ಬಿಕ್ಕಿ ಬಿಕ್ಕಿ ಅತ್ತಳು. ಪಾಪ, ಸಂತೋಷಕ್ಕೆ ಅಳ್ತಾ ಅವಳೆ ಎಂದರು ಜನ.

ಟಿಫನ್ ಕ್ಯಾರಿಯರ್ ಹಿಡಿದು ಹೊರಬಂದ ಜ್ಯೋತಿಗೆ ದುಃಖವೂ ಇತ್ತು, ಹೆಮ್ಮೆಯೂ ಇತ್ತು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಮನಸ್ಸು ಹಗುರವಾಗಿತ್ತು. ಒಳಗೆ ಎಲ್ಲರೂ ಉಪ್ಪಿಟ್ಟಿಗೆ ಸಾಲು ನಿಂತಿದ್ದರು.

ಅಷ್ಟರಲ್ಲಿ ಕಟ್ಟಡದ ಹಿಂದಿನಿಂದ ಸದ್ದು ಬಂತು. ಈ ಸಲ ದಿವ್ಯ ಕಿರುಚುತ್ತಿದ್ದಳು.

ಜ್ಯೋತಿ ಓಡಿದಳು. ದಿವ್ಯ ಮಣ್ಣಿನಲ್ಲಿ ಬಿದ್ದಿದ್ದಳು. ಬಲಗೈ ಮೊಣಕೈಯ ಕೆಳಗೆ ಮುರಿದು ಸೊಟ್ಟಗಾಗಿತ್ತು. ನಟರಾಜು ಮತ್ತೆ ದೊಣ್ಣೆ ಎತ್ತಿದ್ದ. ಜ್ಯೋತಿ ಅವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ ರಭಸಕ್ಕೆ ಅವಳ ಮುಖ ಗೋಡೆಗೆ ಬಡಿದು ಬಾಯಿ ತುಂಬ ರಕ್ತವಾಯಿತು. ಆ ರಕ್ತವನ್ನು ಉಗುಳುತ್ತಲೇ ಕೂಗಿದಳು:

"ಯಾಕಣ್ಣಾ ಹೊಡೀತಿದೀಯಾ? ಸೋತಿದ್ದು ನಾನು! ಅವಳು ಗೆದ್ದವ್ಳೆ!"

"ಗೊತ್ತು ಕಣಮ್ಮಿ, ಅದ್ಕೇ ಹೊಡೀತಿರೋದು," ಎಂದ ನಟರಾಜು. "ಗೆದ್ರೆ ಕಾಲೇಜು, ಸೋತ್ರೆ ನನ್ ಜೊತೆ ಮದ್ವೆ ಅಂತ ಇವರಪ್ಪ ಮಾತ್ ಕೊಟ್ಟಿದ್ದ. ಸೋಲು, ಸೋಲು ಅಂತ ಎರಡ್ ತಿಂಗ್ಳಿಂದ ಬಡಿದ್ ಬಡಿದ್ ಹೇಳಿದ್ರೂ ಗೆದ್ಬುಟ್ಟವ್ಳೆ."