ಒಮ್ಮೆ ಹಾರ್ನ್ ಒತ್ತಿ ಹೊರಡಿ

ಈ ಕಥೆಯನ್ನು ಮೊದಲು ಹೇಳಿದವರು ಯಲಹಂಕದ ಟೈಲರ್ ಖಾದರ್ ಬಾಷಾ, ೨೦೧೪ರ ದೀಪಾವಳಿಯ ಸುಮಾರಿಗೆ. ನಡೆದದ್ದು ಅದೇ ವರ್ಷ, ಆಯುಧಪೂಜೆಯ ಹಿಂದಿನ ದಿನ. ಅಂದು ರತ್ನಕ್ಕನ ಬ್ಯಾಟರಿ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಮೂವರಲ್ಲಿ ಅವರೂ ಒಬ್ಬರು. ಕೇಳಿದ್ದನ್ನು ಕೇಳಿದಂತೆಯೇ ಇಲ್ಲಿ ಕೊಟ್ಟಿದೆ.

ಬೈಕಿನ ಪಕ್ಕದ ಮುಚ್ಚಳ ತೆಗೆದ ರತ್ನಕ್ಕನ ಕೈ ಅಲ್ಲಿಯೇ ನಿಂತಿತು. ಹಳೆಯ ಬ್ಯಾಟರಿ ಗೂಡಿನಲ್ಲಿ ಅಲುಗದಿರಲೆಂದು ಅದರ ಮೈಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಪಟ್ಟಿಯ ತುದಿಗಳನ್ನು ಜಡೆಯಂತೆ ಹೆಣೆದು, ಎಡಕ್ಕೆ ಗಂಟು ಹಾಕಿತ್ತು.

“ಈ ಗಂಟು ಯಾರ್ ಹಾಕ್ಯಾರ್ರಿ?”

“ನಾನೇ ಅಕ್ಕ,” ಎಂದ ನಂದಕುಮಾರ್. ಏರ್‌ಪೋರ್ಟ್ ರಸ್ತೆಯ ಉದ್ದಕ್ಕೂ ಸೈಟು ಕೊಡಿಸುವ ದಲ್ಲಾಳಿ. ಈ ಅಂಗಡಿಗೆ ಬಂದದ್ದು ಅದೇ ಮೊದಲು. “ನನ್ ಗಾಡೀನ ಬೇರೆಯವರ ಕೈಗೆ ಕೊಡಲ್ಲ. ಈ ಮೆಕ್ಯಾನಿಕ್‌ಗಳನ್ನ ನಂಬೋಕಾಗಲ್ಲ ಕಣಕ್ಕ. ಮನೇಲಿ ಚಾರ್ಜರ್ ಇಲ್ಲ, ಅದಕ್ಕೆ ನಿಮ್ಮತ್ರ ಬಂದೆ.”

“ಖರೇ ಐತ್ರಿ, ನಂಬಬಾರ್ದು,” ಎಂದು ಆಕೆ ಬ್ಯಾಟರಿಯನ್ನು ಮೆಲ್ಲಗೆ ಹೊರಗೆಳೆದಳು.

ರತ್ನಕ್ಕ ಬಾಗಲಕೋಟೆಯ ಕಡೆಯವಳು. ಹೊಸ ಬ್ಯಾಟರಿಗೆ ಆಸಿಡ್ ತುಂಬಿ, ತಣಿಯಲು ಬಿಟ್ಟು, ನಿಧಾನವಾಗಿ ಚಾರ್ಜ್ ಮಾಡದೆ ಯಾರಿಗೂ ಕೊಡುವವಳಲ್ಲ. ಮೊದಲ ಚಾರ್ಜು ಬಾಣಂತನದ ಹಾಗೆ, ಅವಸರ ಮಾಡಿದರೆ ಜೀವಮಾನವೆಲ್ಲ ಕಾಡುತ್ತದೆ ಎನ್ನುತ್ತಿದ್ದಳು. ಹಾಗಾಗಿ ಬಂದವರು ಕಾಯಲೇಬೇಕು. ಕಾಯುವವರಿಗೆ ಟೀ, ಜೊತೆಗೊಂದು ಕಥೆ.

ಎದುರು ಗೋಡೆಯ ಹಲಗೆಯ ಮೇಲೆ ಚಿಗುರುಮೀಸೆಯ ಯುವಕನ ಪಟವಿತ್ತು. ಪಕ್ಕದಲ್ಲಿ, ಚೆಂಡುಹೂವಿನಲ್ಲಿ ಮುಳುಗಿದ ಒಂದು ಬ್ಯಾಟರಿ. ಅಂಗಡಿಗೆ ಮೊಟ್ಟಮೊದಲು ತಂದ ಬ್ಯಾಟರಿಯಿರಬೇಕು, ಹಬ್ಬಕ್ಕೆ ಅಲಂಕರಿಸಿದ್ದಾಳೆ ಎಂದು ಎಲ್ಲರ ಎಣಿಕೆ.

“ಸೋಲದೇವನಹಳ್ಳಿ ಕಾಲೇಜಿನಾಗ ಶಿವಪುತ್ರ ಅಂತ ಒಬ್ಬ ಅಟೆಂಡರ್ ಇದ್ದ,” ಎಂದು ಆಕೆ ಆರಂಭಿಸಿದಳು.

ಶಿವಪುತ್ರ ಹೊಸ ಬ್ಯಾಟರಿ ಕೊಂಡ. ಅಗ್ಗದ್ದೆಂದು ಎತ್ತಿಕೊಂಡವನಲ್ಲ, ತಯಾರಾದ ತಿಂಗಳು ನೋಡಿ, ತನ್ನ ಗಾಡಿಗೆ ಹೊಂದುವುದನ್ನೇ ಆರಿಸಿದ. ತಿಂಗಳಿಗೊಮ್ಮೆ ಗೆರೆಯ ಮಟ್ಟಕ್ಕೆ ಡಿಸ್ಟಿಲ್ಡ್ ವಾಟರ್ ತುಂಬುವನು. ಟರ್ಮಿನಲ್ ಒರೆಸಿ ವ್ಯಾಸಲೀನ್ ಸವರುವನು. ನನಗಿಂತ ಅದಕ್ಕೇ ಆರೈಕೆ ಹೆಚ್ಚೆಂದು ಹೆಂಡತಿ ಅಣಕಿಸುವಳು. ಒಂದು ದಿನ ಸರ್ವೀಸಿಗೆಂದು ರಸ್ತೆ ಬದಿಯ ಶೆಡ್ಡಿನಲ್ಲಿ ಗಾಡಿ ಬಿಟ್ಟ. ಮೆಕ್ಯಾನಿಕ್ ಆ ಬ್ಯಾಟರಿಯನ್ನು ಎತ್ತಿಟ್ಟುಕೊಂಡು, ಜೀವ ಹೋಗುತ್ತಿದ್ದ ಇನ್ನೊಂದಕ್ಕೆ ಹೊಸದೆನಿಸುವಂತೆ ಬಿಳಿ ಬಣ್ಣ ಬಳಿದು ಅದರ ಜಾಗದಲ್ಲಿ ಕೂರಿಸಿದ. ಸಂಜೆಗೆ ಹಾರ್ನ್ ಕೂಗಿತು, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿತು.

“ಕಿಕ್ ಹೊಡದ್ರ ಗಾಡಿ ಹೊಂಟೇ ಹೋಗ್ತೈತ್ರಿ. ಹಾರ್ನ್ ಮಾತ್ರ ಬ್ಯಾಟರೀನ ನಂಬಿರ್ತೈತಿ. ಚಿಕ್ಕಜಾಲದ ಹತ್ರ ಮುಂಜಾನಿ ಮಂಜು. ಹಿಂದಕ್ಕ ಬರೋ ಟಿಪ್ಪರ್. ಒತ್ತಿದ. ಒತ್ತಿಕೋತನ ಇದ್ದ. ಆಮ್ಯಾಲೆ ಹೆಬ್ಬೆರಳನ್ನ ಆ ಗುಂಡಿ ಮ್ಯಾಲಿಂದ ಬಿಡಸಬೇಕಾತಂತ.”

ಕೊಡಿಗೇಹಳ್ಳಿಯ ಹಾಲಿನ ಮುನೀಂದ್ರ ಲೋಟ ಕೆಳಗಿಟ್ಟ. “ಆ ನನ್ಮಗ ಸಿಕ್ಕಿದ್ನಾ ಅಕ್ಕ?”

“ಹೆಂಡ್ತಿ ಹುಡುಕ್ಕೊಂಡು ಹೋಗೋದ್ರಾಗ ಶೆಡ್ಡಿಗೆ ಕೀಲಿ. ಅವನ ಮುಖಾನೂ ನೋಡಿಲ್ಲ ಆಕಿ.”

ನಂದಕುಮಾರ್ ನಕ್ಕ. “ಒಂದ್ ಬ್ಯಾಟರೀಗೆ ಇಷ್ಟು ದೊಡ್ಡ ಹರಿಕಥೇನಾ? ಹಾರ್ನ್ ಇಲ್ದೆ ಎಷ್ಟ್ ಜನ ಓಡಾಡಲ್ಲ ಹೇಳಿ. ಅಷ್ಟಕ್ಕೆಲ್ಲ ಯಾರೂ ಸಾಯಲ್ಲ.”

ಖಾದರ್ ಬಾಷಾ ಕೇಳಿದರು: “ಅವ್ನು ಸಿಕ್ಕಿದ್ರೆ ಆ ಹೆಣ್ಮಗಳು ಏನ್ ಮಾಡ್ತಾರಮ್ಮ? ಆಸಿಡ್ ಎರಚ್ತಾರಾ?”

“ಛೇ, ಆಸಿಡ್ ಯಾಕ್ರಿ? ಅವನ ಸಾಮಾನು ಅವನಿಗೆ ಮುಟ್ಟಿಸಿದ್ರ ಸಾಕು ಅಂತಾಳ. ಅಷ್ಟಕ್ಕ ಕಾಯ್ಕೋತ ಕುಂತಾಳ.”

ಚಾರ್ಜು ಮುಗಿಯಿತು. ಆಕೆ ಒಂದೊಂದಾಗಿ ಬ್ಯಾಟರಿ ಕೂರಿಸುತ್ತ ಬಂದಳು. ಬಾಷಾ ಮತ್ತು ಮುನೀಂದ್ರ ತಮ್ಮ ಗಾಡಿಗಳನ್ನು ಒರೆಸುತ್ತ ರಸ್ತೆಯ ಅಂಚಿನಲ್ಲಿ ನಿಂತಿದ್ದರು. ನಂದಕುಮಾರನಿಗೆ ಫೋನ್ ಬಂತು; ಹೊಂಗೆ ಮರದ ಕೆಳಗೆ ನಿಂತು ಯಾರಿಗೋ ಉತ್ತರ ಬಾಗಿಲ ಸೈಟಿನ ಗುಣಗಾನ ಮಾಡಿದ. ಅವನು ಹಿಂದಿರುಗುವಷ್ಟರಲ್ಲಿ ಅವನ ಗಾಡಿಯ ಮುಚ್ಚಳ ಮುಚ್ಚಿತ್ತು.

ಬ್ಯಾಟರಿ ಹಾಕಿಸಿದವರು ಅಂಗಡಿಯ ಮುಂದೆ ಒಮ್ಮೆ ಹಾರ್ನ್ ಒತ್ತಿ ಹೊರಡಬೇಕು. ಆ ಸದ್ದು ಕಿವಿಗೆ ಬಿದ್ದ ಮೇಲೆಯೇ ರತ್ನಕ್ಕ ದುಡ್ಡು ಮುಟ್ಟುವುದು. ಅದು ಆಕೆಯ ಪದ್ಧತಿ.

ಬಾಷಾರ ಗಾಡಿ ಕೂಗಿತು. ಮುನೀಂದ್ರನದೂ ಕೂಗಿತು. ನಂದಕುಮಾರ್ ಕಿಕ್ ಹೊಡೆದ, ಎಂಜಿನ್ ಎದ್ದಿತು. ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ.

“ಒತ್ರಿ,” ಎಂದಳು ರತ್ನಕ್ಕ. “ಒತ್ತಿಕೋತ ಇರ್ರಿ.”

ಅವನು ಇಳಿದು ಮುಚ್ಚಳ ಕಿತ್ತ. ಒಳಗೆ ಬಿಳಿ ಬಣ್ಣ ಚಕ್ಕೆಯೆದ್ದ ಬ್ಯಾಟರಿ. ಅದರ ಮೈಗೆ ಬಿರುಕುಬಿಟ್ಟ ಟ್ಯೂಬಿನ ಪಟ್ಟಿ. ಎಡಕ್ಕೆ ಹೆಣೆದ ಜಡೆಗಂಟು. ಗಂಟಿನ ಸಂದಿನಲ್ಲಿ ಚೆಂಡುಹೂವಿನ ಒಂದು ಎಸಳು ಸಿಕ್ಕಿಕೊಂಡಿತ್ತು.

ಅವನು ನೋಟು ಚಾಚಿದ. ಆಕೆ ಮುಟ್ಟಲಿಲ್ಲ.

“ಹೋಗಿ ಬರ್ರಿ. ಅಷ್ಟಕ್ಕೆಲ್ಲ ಯಾರೂ ಸಾಯಂಗಿಲ್ಲ.”

ಮುನೀಂದ್ರ ಕೊಡಿಗೇಹಳ್ಳಿಯ ಕಡೆ ಹೊರಟ. ನಂದಕುಮಾರ್ ಎಂಜಿನ್ ಆರಿಸಿದ. ಲಾರಿಗಳು ಅಬ್ಬರಿಸುತ್ತಿದ್ದ ಹೆದ್ದಾರಿಯ ಅಂಚು ಹಿಡಿದು, ಗಾಡಿ ತಳ್ಳುತ್ತ, ಹೆಜ್ಜೆಹೆಜ್ಜೆಗೂ ಹಿಂದೆ ನೋಡುತ್ತ ನಡೆದ. ಮನೆಗೆ ಹೊರಟ ಬಾಷಾ ತಿರುವಿನಲ್ಲೊಮ್ಮೆ ಅಂಗಡಿಯ ಕಡೆ ಕಣ್ಣು ಹಾಯಿಸಿದರು.

ಹಲಗೆಯ ಮೇಲೆ ಶಿವಪುತ್ರನ ಪಟವೊಂದೇ ಉಳಿದಿತ್ತು.