ಮೂರರಿಂದ ಎಂಟು

ಆರು ಗಂಟೆಗೆ ಫಾರ್ಮ್ ಬಂದಾಗುತ್ತಿತ್ತು. ಗೋಡೆಯ ಗಡಿಯಾರ ಐದೂ ಐವತ್ತು ತೋರಿಸುತ್ತಿತ್ತು. ಉದಗೀರದ ನೆಟ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ವೀರಭದ್ರ ಅರ್ಧ ಮಾತ್ರ ಕೂತಿದ್ದ. ಉಳಿದರ್ಧ ಅದರಲ್ಲಿ ಹಿಡಿಸುತ್ತಿರಲಿಲ್ಲ. ಆರಡಿ ಎತ್ತರ, ತಾಲೀಮಿನ ಮೈ, ಈಗಷ್ಟೇ ಕುಡಿಯೊಡೆದ ಮೀಸೆ, ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತಕ್ಕೆ ತೊಂಬತ್ತಾರು.

"ಪೈಲವಾನ, ಲಗೂ ಹೇಳು," ಸೆಂಟರ್ ನಡೆಸುವ ಮೀನಲ ಮೌಸಿನ ಮೇಲೆ ಬೆರಳು ಕುಣಿಸಿದಳು. "ಮಾಸ್ತರಾಗೋ ಡಿಗ್ರಿ, ನಾಲ್ಕು ವರ್ಷ. ಎಷ್ಟು ವಯಸ್ಸಿನ ಹುಡುಗರಿಗಿ ಕಲಸ್ತಿ ಅಂತ ಕೇಳ್ಲತ್ತದ. ನಾಲ್ಕು ಖಾನಿ ಅವ. ಹದಿನಾಲ್ಕರಿಂದ ಹದಿನೆಂಟು, ಗಣಿತ. ಅದನ್ನೇ ಒತ್ತಲಿ?"

"ಬ್ಯಾಡ ಮೀನಲಕ್ಕಾ. ಎಲ್ಲಾದಕ್ಕಿಂತ ಮ್ಯಾಲಿಂದು. ಮೂರರಿಂದ ಎಂಟು."

ಮೀನಲ ಅವನನ್ನು ಕಾಲಿನಿಂದ ತಲೆಯವರೆಗೆ ಅಳೆದಳು. "ನಿನ್ನ ನೋಡಿದ್ರ ಪೋರಗೋಳು ಸಾಲಿ ಬಿಟ್ಟು ಓಡ್ತಾವಲ್ಲೋ!" ನಕ್ಕಳು, ಒತ್ತಿದಳು. ವಿಷಯ ಕೇಳುವ ಖಾನೆ ತಾನಾಗಿ ಮುಚ್ಚಿಕೊಂಡಿತು. ಆ ಆಯ್ಕೆ, ವೀರಭದ್ರ ಒಂದು ತಿಂಗಳಿಂದ ಯಾರಿಗೂ ಹೇಳದೆ ಬಾಯಲ್ಲಿಟ್ಟುಕೊಂಡು ತಿರುಗಿದ ಬೆಲ್ಲದ ಹರಳು. ಇನ್ನು ಉಳಿದದ್ದು ಓಟಿಪಿ ಒಂದೇ. ಮನೆಯ ಎಲ್ಲ ಫಾರ್ಮುಗಳಿಗೂ ಅಪ್ಪನ ನಂಬರೇ. ಹಾಗಾಗಿ ಓಟಿಪಿ ಹೋದದ್ದು ನಿಲಂಗಾದ ಬಟ್ಟೆ ಅಂಗಡಿಯಲ್ಲಿ ಕೂತಿದ್ದ ಕಲ್ಯಾಣಪ್ಪನ ಮೊಬೈಲಿಗೆ.

ಮೀನಲಳಿಗೂ ಕೇಳಲಿ ಎಂದು ವೀರಭದ್ರ ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಬಂದಾವ, ಆರು ಅಂಕಿ ಬಂದಾವ," ಕಲ್ಯಾಣಪ್ಪನ ದನಿ ಸೆಂಟರ್ ತುಂಬಿತು. "ಗಣಿತನೇ ಹಚ್ಚಿದಿ ಹೌದಿಲ್ಲೋ? ಇಡೀ ಪೇಟಿಗಿ ಹೇಳೀನಿ, ನಮ್ಮ ಭದ್ರಾ ಲಾತೂರದಾಗ ಗಣಿತದ ಸರ್ ಆಗ್ತಾನ ಅಂತ."

"ಅಪ್ಪಾ, ಸಣ್ಣ ಹುಡುಗರದು ಹಚ್ಚೀನಿ. ಮೂರರಿಂದ ಎಂಟು ವರ್ಷದವು."

"ವಿಷಯ?"

"ವಿಷಯ ಇಲ್ಲಪ್ಪಾ. ಎಲ್ಲಾ ನಾನೇ ಕಲಸೂದು."

"ವಿಷಯನೇ ಇಲ್ಲದ ಡಿಗ್ರಿ! ಮೂಗು ಒರಸಲಾಕ ನಾಲ್ಕು ವರ್ಷ ಓದ್ತಿ? ಅದು ಹೆಣ್ಮಕ್ಕಳ ಕೆಲಸ ಮಗನೇ. ಈ ಮೀಸಿ ಹೊತಗೊಂಡು ಗಿಣಿ-ಗುಬ್ಬಿ ಹಾಡ್ಕೋತ ಕುಣಿಯಾಂವಾ ಏನು? ಮೊದಲು ಅದನ್ನ ಬದಲಿ ಮಾಡು. ಆಮ್ಯಾಲ ಅಂಕಿ ಕೇಳು."

ಹಿಂದೆ ಸಾಲಲ್ಲಿ ನಿಂತವರು ಮೈಯೆಲ್ಲ ಕಿವಿಯಾಗಿದ್ದರು. ಫೋನನ್ನು ಹೊರಗೆ ಒಯ್ಯಬಹುದಿತ್ತು. ವೀರಭದ್ರ ಒಯ್ಯಲಿಲ್ಲ.

"ಅಪ್ಪಾ, ಒಂದನೇ ವರ್ಗದಾಗ ಇದ್ದಾಗ ನಾ ದಿನಾ ಚಡ್ಡಿಯಾಗೇ ಉಚ್ಚಿ ಹೊಯ್ಕೋತಿದ್ದೆ."

"ಏನಂದಿ?"

"ಮನ್ಯಾಗ ನಾವು ಕನ್ನಡ. ಸಾಲ್ಯಾಗ ಗುರುಜಿದು ಬರೇ ಮರಾಠಿ. ಹೊರಗ ಹೋಗ್ಲೇನು ಅಂತ ಮರಾಠಿಯೊಳಗ ಹ್ಯಾಂಗ ಕೇಳಬೇಕು, ನನಗ ಗೊತ್ತಿರಲಿಲ್ಲ. ಕನ್ನಡದಾಗ ಕೇಳಿದ್ರ ವರ್ಗೆಲ್ಲಾ ನಗ್ತಿತ್ತು. ತಡಕೊಂಡು ಕೂಡ್ತಿದ್ದೆ." ಅವನ ದನಿ ಏರಿತು. "ಮೊನ್ನಿ ನಮ್ಮ ಓಣಿ ಸಾಲಿ ಮುಂದ ಒಂದು ಹುಡುಗಿ ಹಂಗೇ ನಿಂತಿತ್ತಪ್ಪಾ, ಕಾಲಿಗಿ ಕಾಲು ಹೆಣಕೊಂಡು. ಮಾರಿ ನೋಡೇ ತಿಳೀತು. 'ಹೋಗವ್ವಾ, ಓಡು' ಅಂತ ಕನ್ನಡದಾಗೇ ಅಂದೆ. ಹ್ಯಾಂಗ ನಗ್ಕೋತ ಓಡ್ತು ಅಂತಿ! ತೊಂಬತ್ತಾರು ಬಂದಾಗ ಸುದ್ಧಾ ನನಗ ಅಷ್ಟು ಖುಷಿ ಆಗಿರಲಿಲ್ಲ. ಆ ಕೆಲಸ ನಂಗ ಬರ್ತದ ಅಪ್ಪಾ. ಖರೇ ಬರ್ತದ!"

ಪರದೆಯ ಮೇಲೆ ಓಟಿಪಿಯ ಅವಧಿ ಮುಗಿಯಿತು. ಮೀನಲ ಸದ್ದಿಲ್ಲದೆ ಇನ್ನೊಂದನ್ನು ಕಳಿಸಿದಳು.

"ನಿಮ್ಮವ್ವ..." ಕಲ್ಯಾಣಪ್ಪನ ದನಿ ಸಣ್ಣಗಾಗಿತ್ತು. "ಆ ವರ್ಷ ಪಂಚಮಿ ಬರೂದ್ರಾಗೇ ಐದು ಚಡ್ಡಿಗಿ ಬಟ್ಟಿ ಕೇಳಿದ್ಳು. ಮಳಿಗಾಲ, ಒಗದದ್ದು ಒಣಗವಲ್ದು ಅಂದ್ಳು. ನಾ ಬೈಕೋತ ಹರದು ಕೊಟ್ಟೆ. ನನಗ್ಯಾಕ ಹೇಳಲಿಲ್ಲೋ?"

"ನೀ ಅಂಗಡ್ಯಾಗ ದಿನಾ ಮರಾಠಿ ಮಾತಾಡ್ತಿದ್ದೆಲ್ಲಪ್ಪಾ. ನೀನೂ ಅವರ ಪೈಕಿನೇ ಅಂದ್ಕೊಂಡಿದ್ದೆ."

"ಪೈಲವಾನ, ಎರಡೇ ಮಿನಿಟು!" ಮೀನಲ ಈಗ ಕೂಗಿಯೇ ಬಿಟ್ಟಳು. "ಕಾಕಾ, ಹೊಸಾ ಓಟಿಪಿ ಬಂದದ ನೋಡ್ರಿ, ಹೇಳ್ರಿ!"

"ಬರಕೋವ್ವಾ," ಎಂದ ಕಲ್ಯಾಣಪ್ಪ. "ನಾಲ್ಕು. ಒಂಬತ್ತು. ಒಂದು..." ಮೀಟರ್ ಕೋಲಿಗೆ ಬಟ್ಟೆ ಹಿಡಿದು ಅಳೆಯುವವನ ಹಾಗೆ ಒಂದೊಂದು ಅಂಕಿಯನ್ನೂ ಎಳೆದು ಹೇಳಿದ. ಮೀನಲಳ ಬೆರಳುಗಳು ಹಾರಿದವು. ಪರದೆ ಹಸಿರಾಯಿತು. ವೀರಭದ್ರ ಎದ್ದ ರಭಸಕ್ಕೆ ಕುರ್ಚಿಯೂ ಅವನ ಜೊತೆಗೇ ಎದ್ದಿತು. ಸಾಲಲ್ಲಿದ್ದವರು ಚಪ್ಪಾಳೆ ಹೊಡೆಯುತ್ತಲೇ ಅದನ್ನು ಜಗ್ಗಿ ಬಿಡಿಸಿದರು.

ಆ ಗದ್ದಲದಲ್ಲಿ ಫೋನ್ ಬಂದ್ ಮಾಡುವುದನ್ನು ಅಪ್ಪನೂ ಮರೆತಿದ್ದ, ಮಗನೂ ಮರೆತಿದ್ದ. ಮೇಜಿನ ಮೇಲೆ ಅಂಗಡಿ ಇನ್ನೂ ಮಾತಾಡುತ್ತಿತ್ತು. ಯಾರೋ ಹೆಣ್ಣುಮಗಳು ತಡವರಿಸುವ ಮರಾಠಿಯಲ್ಲಿ ಖಾಕಿ ಬಟ್ಟೆ ಕೇಳುತ್ತಿದ್ದಳು. ಮಗ ಈ ವರ್ಷ ಒಂದನೇದಕ್ಕೆ ಹೊರಟಿದ್ದಾನೆ, ಒಂದು ಚಡ್ಡಿಯಷ್ಟು ಸಾಕು.

"ಎರಡು ಒಯ್ಯವ್ವಾ," ಕಲ್ಯಾಣಪ್ಪ ಕನ್ನಡದಲ್ಲಿ ಹೇಳಿದ. "ಒಂದು ಪಾಟಿಚೀಲದಾಗ ಇರಲಿ."

ಆಮೇಲೆ ಬಟ್ಟೆಯ ಮೇಲೆ ಕತ್ತರಿ ನಡೆದ ಸದ್ದು ಒಮ್ಮೆ ಕೇಳಿಸಿತು. ತಡೆದು, ಮತ್ತೊಮ್ಮೆ.